ಅಪ್ಪನನ್ನು ‘ಹೀ’ ಅನ್ನೋದು ಹೆಂಗೆ

ನನಗೆ ಕೋಪ ಬರುವುದು ಸಣ್ಣ ವಿಷಯಗಳಿಗೆ. ಬಸ್ಸು ತಡವಾದರೆ ಬರುವುದಿಲ್ಲ, ಸಂಬಳ ತಡವಾದರೂ ಅಷ್ಟಾಗಿ ಬರುವುದಿಲ್ಲ. ಯಾರಾದರೂ ‘ಮೀ ಆಂಡ್ ಮೈ ಫ್ರೆಂಡ್ ವೆಂಟ್’ ಅಂದರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದವರು ‘ಮೈಸೆಲ್ಫ್ ಇಂಥವರು’ ಅಂತ ಪರಿಚಯ ಹೇಳಿಕೊಂಡಾಗ ಎಲೆ ಮುಂದೆ ಕೂತೇ ತಿದ್ದಿದವಳು ನಾನು. ನಮ್ಮ ಮನೆಯವರು ಅವತ್ತಿನಿಂದ ಯಾವ ಮದುವೆಗೆ ಹೊರಟರೂ ‘ಊಟ ಮಾಡು, ಪಾಠ ಮಾಡಬೇಡ’ ಅಂತ ಹೇಳಿಯೇ ಗಾಡಿ ಹತ್ತಿಸುತ್ತಾರೆ.

ನಾನು ಸರ್ಕಾರಿ ಹೈಸ್ಕೂಲಿನ ಇಂಗ್ಲಿಷ್ ಟೀಚರು. ಮನೆ ಮಧುಗಿರಿಯಲ್ಲಿ. ವರ್ಗಾವಣೆಯ ಪುಣ್ಯದಿಂದ ಸಿರಾ, ಕೊರಟಗೆರೆ, ಪಾವಗಡ ಎಲ್ಲಾ ಕಡೆಯ ಬಸ್ ಸ್ಟ್ಯಾಂಡಿನ ಕಾಫಿಯನ್ನೂ ಕುಡಿದಿದ್ದೇನೆ. ಬಿ.ಎಡ್. ಓದುವಾಗ ಸರ್ವನಾಮಗಳ ಪಾಠವನ್ನು ಒಂದು ಪೀರಿಯಡ್‌ನಲ್ಲಿ ಮುಗಿಸಿಬಿಡಬಹುದು ಅಂದುಕೊಂಡಿದ್ದೆ. ಐ, ಯೂ, ಹೀ, ಷೀ, ಇಟ್, ವೀ, ದೇ. ಇಷ್ಟೇ ತಾನೇ? ಇಷ್ಟು ವರ್ಷವಾದರೂ ಅದು ಮುಗಿದಿಲ್ಲ. ಮಕ್ಕಳು ದಡ್ಡರು ಅಂತಲ್ಲ. ಒಂದೊಂದು ಕಡೆಯ ಮಕ್ಕಳು ಒಂದೊಂದು ಥರ ತಪ್ಪು ಮಾಡುತ್ತಾರೆ, ಮತ್ತು ಆ ತಪ್ಪನ್ನು ಸ್ವಲ್ಪ ಕೆದಕಿದರೆ ಅವರ ಮನೆಯ ಮಾತು ಕೇಳಿಸುತ್ತದೆ.

ಸಿರಾದ ಗೌಡಗೆರೆ ಕಡೆ ಇದ್ದಾಗ ಉರ್ದು ಮಾತಾಡುವ ಮನೆಯ ಹುಡುಗಿಯೊಬ್ಬಳು ‘ವೀ ಆಮ್ ಗೋಯಿಂಗ್ ಟು ಟಾಯ್ಲೆಟ್’ ಅನ್ನುತ್ತಿದ್ದಳು. ಜೊತೆಗೆ ಯಾರು ಹೋಗುತ್ತಿದ್ದಾರೆ ಅಂತ ನಾನು ಹುಡುಕುತ್ತಿದ್ದೆ. ಆಮೇಲೆ ಗೊತ್ತಾಯಿತು, ಅವರ ಮನೆಯಲ್ಲಿ ಒಬ್ಬರೇ ಇದ್ದರೂ ‘ಹಮ್’ ಅನ್ನುತ್ತಾರೆ. ಕೊರಟಗೆರೆಯಲ್ಲಿ ಹಸುವಿನ ಪ್ರಬಂಧದಲ್ಲಿ ‘ಷೀ’ ಹೊಡೆದು ‘ಇಟ್’ ಮಾಡಿದ್ದಕ್ಕೆ ಹುಡುಗನೊಬ್ಬ ಜಗಳಕ್ಕೇ ಬಂದ. ‘ಹಾಲ್ ಕುಡಿಸಿ ಸಾಕಿದೋಳ್ನ ಇಟ್ ಅಂತ ಹೆಂಗ್ ಅನ್ನದು ಮೇಡಂ?’ ಅಂದ. ಅವನಿಗೆ ಅವತ್ತು ಮಾರ್ಕ್ಸ್ ಕಡಿಮೆ ಕೊಟ್ಟೆ, ಆದರೆ ಸಂಜೆ ಬಸ್ಸಿನಲ್ಲಿ ಮಧುಗಿರಿಯ ಆ ಒಂಟಿ ಬಂಡೆಬೆಟ್ಟ ಕಾಣಿಸುವವರೆಗೂ ಅದನ್ನೇ ಯೋಚಿಸುತ್ತಾ ಬಂದೆ.

ಪಾವಗಡದ ಕಡೆ, ನಿಡುಗಲ್ ಬೆಟ್ಟ ಕಾಣುವ ಊರಿಗೆ ವರ್ಗವಾಗಿ ಹೋದಾಗ ನನ್ನ ಸೊಕ್ಕು ಪೂರ್ತಿ ಇಳಿಯಿತು. ಅಲ್ಲಿ ಅರ್ಧ ಮಕ್ಕಳ ಮನೆಯಲ್ಲಿ ತೆಲುಗು. ಮೊದಲ ದಿನವೇ ‘ಗಿವ್ ಇಟ್ ಟು ಮೀ’ ಅಂತ ಹೇಳಿಸಿದರೆ ಹಿಂದಿನ ಬೆಂಚಿನವರು ಕಿಸಕ್ ಅಂತ ನಕ್ಕರು. ತೆಲುಗಿನಲ್ಲಿ ‘ಮೀ’ ಅಂದರೆ ‘ನಿಮ್ಮ’. ನಾನು ನನಗೆ ಕೊಡಿ ಅನ್ನುತ್ತಿದ್ದೇನೆ, ಅವರಿಗೆ ನಿಮ್ಮದು ಅಂತ ಕೇಳಿಸುತ್ತಿದೆ! ಅಕ್ಕನನ್ನು ಪ್ರೀತಿಯಿಂದ ‘ಅದಿ’, ಅಂದರೆ ‘ಅದು’, ಅನ್ನುವ ಮಕ್ಕಳು ಇಂಗ್ಲಿಷಿನಲ್ಲಿ ‘ಮೈ ಸಿಸ್ಟರ್, ಇಟ್ ಈಸ್ ಇನ್ ಕಾಲೇಜ್’ ಅಂತ ಬರೆಯುತ್ತಿದ್ದರು. ಜೊತೆಗೆ ನಮ್ಮ ಕಡೆಯ ಹಳ್ಳಿ ನಾಲಿಗೆಗೆ ‘ಹ’ ಹತ್ತುವುದಿಲ್ಲ. ‘ಹೀ’ ಅನ್ನಲು ಹೇಳಿದರೆ ಇಡೀ ಕ್ಲಾಸು ‘ಈ’ ಅನ್ನುತ್ತಿತ್ತು.

ಒಂದು ದಿನ ಬೋರ್ಡಿನ ಮೇಲೆ ‘ವೀ ಅಂದರೆ ನಾವು’ ಅಂತ ಬರೆದು ತಿರುಗುವಷ್ಟರಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು ನಿಂತಿದ್ದಳು. ಸಣಕಲು ಮೈ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಏನನ್ನಾದರೂ ಕೇಳುವಾಗ ಎರಡೂ ಕೈಯನ್ನು ಬೆಂಚಿನ ಮೇಲೆ ಊರುವ ಅಭ್ಯಾಸ.

‘ಯಾವ ನಾವು ಮೇಡಂ?’ ಅಂದಳು. ‘ನಮ್ಮನೇಲಿ ಎರಡೈತೆ. ನಿಮ್ಮನ್ನೂ ಸೇರಿಸ್ಕಂಡು ಹೇಳಿದ್ರೆ ಮನಮು. ನಿಮ್ಮನ್ನ ಬುಟ್ಟು ಹೇಳಿದ್ರೆ ಮೇಮು. ಇಂಗ್ಲಿಷ್ನೋರು ವೀ ಅಂದ್ರೆ, ಅದ್ರಾಗೆ ನಾನು ಒಳಗೋ ಹೊರಗೋ ಅಂತ ಹೆಂಗ್ ಗೊತ್ತಾಗದು?’

ಕನ್ನಡದಲ್ಲಿ ಹುಟ್ಟಿ ಬೆಳೆದು, ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ ನನಗೆ ಈ ಪ್ರಶ್ನೆ ಒಂದು ದಿನವೂ ಹೊಳೆದಿರಲಿಲ್ಲ. ‘ನಾವು’ ಅನ್ನುವ ಪದಕ್ಕೆ ಬಾಗಿಲಿದೆ, ಅದನ್ನು ತೆರೆಯಬಹುದು, ಹಾಕಬಹುದು ಅಂತ ಆ ಹುಡುಗಿಗೆ ಎದೆಹಾಲಿನ ಜೊತೆ ಗೊತ್ತಾಗಿದೆ. ‘ಗೊತ್ತಾಗಲ್ಲ ಕಣಮ್ಮ, ಹೇಳೋರ ಮುಖ ನೋಡಿ ತಿಳ್ಕೋಬೇಕು’ ಅಂದೆ. ಅವಳು ‘ಓ’ ಅಂತ ಕೂತಳು.

ಅವಳ ಮನೆ ಊರಾಚೆಯ ಕಾಲೋನಿಯಲ್ಲಿ. ಗೋಡೆಯ ಮೇಲೆ ಕಣ್ಣು ಮುಚ್ಚಿ ಕೂತ ಬುದ್ಧನ ಪಟವಿದ್ದ ಮನೆ. ಅವಳಪ್ಪ ಪಂಚಾಯ್ತಿಯ ನೀರು ಬಿಡುವವರು. ಟ್ಯಾಂಕು ತುಂಬಿಸಿ, ಬೀದಿ ಬೀದಿಗೆ ಸರದಿಯಂತೆ ವಾಲ್ ತಿರುಗಿಸುವುದು ಅವರ ಕೆಲಸ. ಹಿಂದೆ ಅವರ ತಾತನ ಕಾಲದಲ್ಲಿ ಊರ ಬಾವಿಯ ಹತ್ತಿರ ಇವರನ್ನು ಬಿಡುತ್ತಿರಲಿಲ್ಲವಂತೆ. ಈಗ ಊರಿಗೆಲ್ಲ ನೀರು ಬರುವುದು ಅವರ ಕೈಯಿಂದ.

ಆ ವರ್ಷ ‘ಮೈ ಫಾದರ್’ ಅಂತ ಪ್ರಬಂಧ ಬರೆಸಿದ್ದೆ. ಅವಳು ಬರೆದಿದ್ದಳು: ‘ಮೈ ಫಾದರ್ ಈಸ್ ಎ ವಾಟರ್‌ಮ್ಯಾನ್. ದೇ ಗೆಟ್ ಅಪ್ ಅರ್ಲಿ. ದೇ ಗಿವ್ ವಾಟರ್ ಟು ಆಲ್.’ ಇದೇನೂ ಹೊಸ ತಪ್ಪಲ್ಲ. ಅಪ್ಪ ಅಂದರೆ ‘ಅವರು’, ‘ಅವರು’ ಅಂದರೆ ‘ದೇ’ ಅಂತ ನಮ್ಮ ಕಡೆಯ ಅರ್ಧ ಮಕ್ಕಳು ಬರೆಯುತ್ತಾರೆ. ಒಬ್ಬರಾದರೆ ‘ಹೀ’, ತುಂಬಾ ಜನರಾದರೆ ‘ದೇ’ ಅಂತ ಬಿಡಿಸಿ ಹೇಳಿ, ಎಲ್ಲರ ಪುಸ್ತಕದಲ್ಲೂ ಕೆಂಪು ಗೀಟು ಎಳೆದೆ. ಮುಂದಿನ ವಾರ ಎಲ್ಲರೂ ತಿದ್ದಿಕೊಂಡು ಬಂದರು. ಇವಳು ಅಕ್ಷರ ಇನ್ನಷ್ಟು ದುಂಡಗೆ ಮಾಡಿಕೊಂಡು ‘ದೇ’ ಅಂತಲೇ ಬರೆದುಕೊಂಡು ಬಂದಳು. ಮತ್ತೆ ಗೀಟು. ಮತ್ತೆ ‘ದೇ’.

ನನಗೆ ರೇಗಿತು. ‘ನಿಮ್ಮಪ್ಪ ಒಬ್ಬರೋ, ಹತ್ತು ಜನರೋ?’ ಅಂದೆ.

ಕ್ಲಾಸು ನಕ್ಕಿತು. ಅವಳು ನಗಲಿಲ್ಲ. ಎರಡೂ ಕೈ ಬೆಂಚಿನ ಮೇಲೆ ಊರಿ, ‘ಒಬ್ರೇ ಮೇಡಂ. ಅದ್ಕೇ ದೇ’ ಅಂದಳು.

‘ಕೂತ್ಕೋ’ ಅಂದೆ. ಸಿಟ್ಟು ಮಾತ್ರ ಇಳಿದಿರಲಿಲ್ಲ. ಯಾಕೆಂದರೆ ಶಾಲಾ ವಾರ್ಷಿಕೋತ್ಸವ ಹತ್ತಿರ ಬಂದಿತ್ತು. ನಮ್ಮ ಹೆಡ್‌ಮಾಸ್ಟರಿಗೆ ವೇದಿಕೆಯ ಮೇಲೆ ಒಂದು ಇಂಗ್ಲಿಷ್ ಭಾಷಣ ಬೇಕೇ ಬೇಕು, ಅಕ್ಕಪಕ್ಕದ ಶಾಲೆಯ ಮೇಷ್ಟ್ರುಗಳೆಲ್ಲ ಬಂದಿರುತ್ತಾರೆ. ಹೆದರದೆ ಇಂಗ್ಲಿಷ್ ಮಾತಾಡಬಲ್ಲ ಮಗು ಅಂದರೆ ಆ ಶಾಲೆಯಲ್ಲಿ ಇವಳೊಬ್ಬಳೇ. ವಿಷಯ ನೀನೇ ಆರಿಸಿಕೋ ಅಂದಿದ್ದಕ್ಕೆ ಅವಳು ಆರಿಸಿಕೊಂಡಿದ್ದು ಮತ್ತೆ ಅಪ್ಪನನ್ನೇ.

‘ಸ್ಟೇಜ್ ಮೇಲೆ ದೇ ಅಂದರೆ ಗೊತ್ತಿರೋರು ನಗ್ತಾರೆ, ಹೀ ಅನ್ನಲೇಬೇಕು’ ಅಂದೆ.

‘ಅಂಗಾದ್ರೆ ನಾನು ಸ್ಟೇಜ್ ಹತ್ತಾಕಿಲ್ಲ ಮೇಡಂ’ ಅಂದಳು.

ಶಾಲೆಯ ಹುಣಸೆಮರದ ಕೆಳಗೆ ಕೂರಿಸಿಕೊಂಡು ಕೇಳಿದೆ. ಒಂದೇ ಉಸಿರಿಗೆ ಹೇಳಿದಳು.

‘ಊರೆಲ್ಲಾ ನಮ್ಮಪ್ಪನ್ನ ಅವ್ನು ಅಂತೈತೆ ಮೇಡಂ. ನೀರೋನ್ ಬಂದ್ನಾ, ನೀರೋನ್ ಎಲ್ಲಿ ಹಾಳಾಗೋದ್ನು. ನನ್ ಜೊತೆ ಓದೋ ಹುಡುಗ್ರೂ ಬಾರ್ಲಾ ಹೋಗ್ಲಾ ಅಂತಾರೆ. ಮನೇಲಿ ನಮ್ಮಮ್ಮ ಒಬ್ಳು ತೆಲುಗ್ನಾಗೆ ಆಯನ, ಅಂದ್ರೆ ಅವ್ರು, ಅಂತಾಳೆ. ನಾನೊಬ್ಳು ಅವ್ರು ಅಂತೀನಿ. ಆವತ್ತು ಸ್ಕೂಲ್ ಸಮಿತಿ ಅಧ್ಯಕ್ಷರು ಸ್ಟೇಜ್ ಮೇಲೆ ಇರ್ತಾರೆ, ಊರೇ ಕೆಳಗಿರ್ತೈತೆ, ನಮ್ಮಪ್ಪನೂ ಬಂದಿರ್ತಾರೆ. ಅಷ್ಟು ಜನ್ರ ಮುಂದೆ ಮಗಳೇ ಅವ್ನು ಅಂದ್ಬುಟ್ರೆ, ನಮ್ಮಪ್ಪಂಗೆ ಇನ್ಯಾರ್ ಇದಾರೆ?’

ಅವಳು ವ್ಯಾಕರಣ ತಪ್ಪಿರಲಿಲ್ಲ. ಅಪ್ಪನಿಗೆ ಊರಿನಲ್ಲಿ ಸಿಗದ ಒಂದು ಮಾತನ್ನು ಪರದೇಶದ ಭಾಷೆಯಲ್ಲಾದರೂ ಕೊಡಿಸಲು ನೋಡುತ್ತಿದ್ದಳು, ಮತ್ತು ನಾನು ವಾರವಾರ ಅದರ ಮೇಲೆ ಕೆಂಪು ಗೀಟು ಎಳೆಯುತ್ತಿದ್ದೆ. ‘ನಾಳೆ ಮಾತಾಡೋಣ’ ಅಂತ ಕಳಿಸಿದೆ.

ಮಾರನೆಯ ದಿನ ಬೆಳಗ್ಗೆ ಬಸ್ಸಿಳಿದು ಬರುವಾಗ ಶಾಲಾ ಸಮಿತಿಯ ಅಧ್ಯಕ್ಷರು ಜಗಲಿಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ಮನೆ ಮುಂದಿನ ಗುಂಡಿಯಲ್ಲಿ ಬಗ್ಗಿ ಅವಳಪ್ಪ ವಾಲ್ ತಿರುಗಿಸುತ್ತಿದ್ದರು. ಅವರ ತಲೆ ಪೂರ್ತಿ ನರೆತಿತ್ತು. ಅಧ್ಯಕ್ಷರಿಗಿಂತ ವಯಸ್ಸಿನಲ್ಲಿ ಚೆನ್ನಾಗಿಯೇ ದೊಡ್ಡವರು.

‘ಲೇ, ಇನ್ನೂ ನೀರ್ ಬಿಟ್ಟಿಲ್ವೇನ್ಲಾ?’ ಅಂದ ಅಧ್ಯಕ್ಷರು, ಅದೇ ಉಸಿರಿನಲ್ಲಿ ನನ್ನನ್ನು ನೋಡಿ, ‘ನಮಸ್ಕಾರ ಮೇಡಂ, ಬನ್ನಿ, ಕಾಫಿ ಕುಡ್ಕಂಡ್ ಹೋಗಿ’ ಅಂದರು.

‘ಬಂದ್ಬುಡ್ತು ಸ್ವಾಮಿ’ ಅಂತ ಗುಂಡಿಯೊಳಗಿನಿಂದ ಉತ್ತರ ಬಂತು.

ಅಧ್ಯಕ್ಷರು ಕೆಟ್ಟವರೇನಲ್ಲ. ಶಾಲೆಗೆ ಫ್ಯಾನು ಹಾಕಿಸಿದ್ದರು, ಮಕ್ಕಳ ಊಟದ ಅಕ್ಕಿ ಚೆನ್ನಾಗಿಲ್ಲದಿದ್ದರೆ ತಾವೇ ಬಂದು ಜಗಳ ಮಾಡುತ್ತಿದ್ದರು. ಆ ‘ಲೇ’ಯನ್ನು ಅವರು ಸಿಟ್ಟಿನಿಂದಲೂ ಅಂದಿರಲಿಲ್ಲ. ಬಾಯಿಗೆ ಅದು ಹಾಗೇ ಬಂತು, ನನಗೆ ‘ಬನ್ನಿ’ ಬಂದ ಹಾಗೆ. ನನಗೆ ಮಧುಗಿರಿಯ ಪೇಟೆಬೀದಿಯಲ್ಲಿ ಅಂಗಡಿ ಇಟ್ಟಿದ್ದ ನಮ್ಮಪ್ಪ ನೆನಪಾದರು. ವಿಭೂತಿ ಹಚ್ಚಿಕೊಂಡು ಗಲ್ಲಾದ ಮೇಲೆ ಕೂತರೆ, ಚೌಕಾಸಿ ಮಾಡಿ ಬೈದು ಹೋಗುವ ಗಿರಾಕಿಯೂ ‘ಸ್ವಾಮಿ’ ಅಂತಲೇ ಬೈಯುತ್ತಿದ್ದ. ನಮ್ಮಪ್ಪನಿಗಾಗಿ ನಾನು ಯಾವ ಭಾಷೆಯಲ್ಲೂ ‘ಅವರು’ ಹುಡುಕಬೇಕಾಗಿ ಬಂದಿರಲಿಲ್ಲ.

ಅವತ್ತು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳನ್ನು ಮತ್ತೆ ಮರದ ಕೆಳಗೆ ಕರೆದೆ. ‘ನೋಡಮ್ಮ, ಹೀ ಅಂದರೆ ಅವನು ಅಂತ ನಾವು ಕಲಿಸೋದು ಸುಲಭಕ್ಕೆ. ಇಂಗ್ಲಿಷಲ್ಲಿ ಅವನು ಬೇರೆ, ಅವರು ಬೇರೆ ಅಂತ ಇಲ್ಲ. ಒಬ್ಬ ಗಂಡಸು ಅಂದರೆ ಹೀ, ಅಷ್ಟೇ’ ಅಂದೆ.

ಅವಳು ತಟ್ಟೆ ಪಕ್ಕಕ್ಕಿಟ್ಟಳು. ‘ಹೆಡ್‌ಮಾಸ್ಟ್ರಿಗೆ?’

‘ಹೀ.’

‘ಡಿಸಿಗೆ?’

‘ಹೀ.’

‘ಮಂತ್ರಿಗೂನಾ?’

‘ಮಂತ್ರಿಗೂ ಹೀ, ರಾಜನಿಗೂ ಹೀ. ಬೇರೆ ಪದವೇ ಇಲ್ಲ.’

‘ದೇವ್ರಿಗೆ ಮೇಡಂ?’

‘ದೇವರಿಗೂ ಅದೇ. ಬರೆಯುವಾಗ ಮೊದಲ ಅಕ್ಷರ ದೊಡ್ಡದು ಮಾಡ್ತಾರೆ, ಮಾತಾಡುವಾಗ ಅದೂ ಇಲ್ಲ.’

ಅವಳು ತುಂಬಾ ಮೆಲ್ಲಗೆ, ಯಾರಾದರೂ ಕೇಳಿಸಿಕೊಂಡಾರು ಅನ್ನುವ ಹಾಗೆ ಕೇಳಿದಳು.

‘ನಮ್ಮ ಅಧ್ಯಕ್ಷರಿಗೆ?’

‘ಹೀ.’

‘ನಮ್ಮಪ್ಪಂಗೂ ಅದೇ ಹೀನಾ ಮೇಡಂ? ಅದೂ ಇದೂ ಒಂದೇನಾ? ಬರಿಯಾದ್ರಲ್ಲೂ ಒಂದೇನಾ?’

‘ಒಂದೇ ಕಣಮ್ಮ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.’

‘ಯೂನೂ ಅಂಗೇನಾ? ನೀನು, ನೀವು ಎರಡೂ ಇಲ್ವಾ?’

‘ಇಲ್ಲ. ಎಲ್ಲರಿಗೂ ಯೂ.’

ಅವಳು ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದಳು. ‘ಅಬ್ಬಾ’ ಅಂದಳು. ಆ ‘ಅಬ್ಬಾ’ ಇವತ್ತಿಗೂ ನನ್ನ ಕಿವಿಯಲ್ಲಿದೆ. ‘ಹೀ’ ಅನ್ನುವುದು ಇಂಗ್ಲಿಷಿನ ಎರಡಕ್ಷರದ ಒಂದು ಪದ, ನಾನು ದಿನಾ ಬೋರ್ಡಿನ ಮೇಲೆ ಬರೆದು ಒರೆಸುವ ಪದ. ಅದರೊಳಗೆ ಅಧ್ಯಕ್ಷರನ್ನೂ ವಾಲ್ ತಿರುಗಿಸುವವರನ್ನೂ ಒಟ್ಟಿಗೆ ಕೂರಿಸಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ, ನಾನೂ ನೋಡಿರಲಿಲ್ಲ. ಹುಣಸೆಮರದ ಕೆಳಗೆ ನಾವಿಬ್ಬರೂ ಆ ಪದವನ್ನು ಮೊದಲ ಸಲ ಕಂಡವರ ಹಾಗೆ ಕೂತಿದ್ದೆವು. ಇಂಗ್ಲಿಷ್ ಮಾತಾಡುವ ಜನರಲ್ಲಿ ಮೇಲು ಕೀಳು ಇಲ್ಲ ಅಂತ ನಾನು ಅವಳಿಗೆ ಸುಳ್ಳು ಹೇಳಲಿಲ್ಲ. ಮೇಲು ಕೀಳು ಮಾಡಲು ಅವರೂ ಬೇರೆ ದಾರಿ ಹುಡುಕಿಕೊಂಡಿದ್ದಾರೆ ಅಂದೆ. ಅದು ಅವಳಿಗೆ ಮುಖ್ಯವಾಗಲಿಲ್ಲ.

‘ಅಂಗಾದ್ರೆ ಹೀ ಅಂತೀನಿ’ ಅಂದಳು. ‘ಆದ್ರೆ ಕೊನೇಲಿ ಒಂದೆರಡು ಮಾತು ನಂದೇ ಸೇರಿಸ್ತೀನಿ. ತಪ್ಪಿಲ್ದಂಗೆ ಸೇರಿಸ್ತೀನಿ ಮೇಡಂ.’

ಆಮೇಲೆ ನಾವು ಬಿದ್ದಿದ್ದು ‘ಹ’ಕಾರದ ಹಿಂದೆ. ‘ಈ’ ಅಲ್ಲ, ‘ಹೀ’. ಅಂಗೈ ಬಾಯಿಯ ಮುಂದೆ ಹಿಡಿದು, ಉಸಿರು ತಾಗಬೇಕು ಅಂತ ಕಲಿಸಿದೆ. ಸ್ಕೂಲಿನ ಮೆಟ್ಟಿಲ ಮೇಲೆ, ಬಸ್ ಸ್ಟಾಪಿನಲ್ಲಿ, ಎಲ್ಲಿ ಸಿಕ್ಕರೂ ಅಂಗೈ ಬಾಯಿಗೆ ಹಿಡಿದು ‘ಹೀ, ಹೀ’ ಅನ್ನುತ್ತಿದ್ದಳು. ಹುಡುಗರು ಅಣಕಿಸಿದರು. ಅವಳು ಅವರ ಕಡೆ ತಿರುಗಿಯೂ ನೋಡಲಿಲ್ಲ.

ವಾರ್ಷಿಕೋತ್ಸವದ ಸಂಜೆ ಶಾಲೆಯ ಅಂಗಳಕ್ಕೆ ಶಾಮಿಯಾನ ಬಿದ್ದಿತ್ತು. ಅಧ್ಯಕ್ಷರು ಬಿಳಿ ಷರ್ಟು, ಬಿಳಿ ಪಂಚೆಯಲ್ಲಿ ವೇದಿಕೆಯ ನಡುಮಧ್ಯದ ಕುರ್ಚಿಯಲ್ಲಿದ್ದರು. ಅವಳಪ್ಪ ಒಗೆದ ಷರ್ಟು ಹಾಕಿಕೊಂಡು ಬಂದಿದ್ದರು, ಆದರೆ ಕೂತಿರಲಿಲ್ಲ. ಜನಕ್ಕೆ ಕುಡಿಯುವ ನೀರಿನ ಡ್ರಮ್ಮನ್ನು ಅವರೇ ತುಂಬಿಸಿ ತಂದು ಹಿಂದುಗಡೆ ಇಟ್ಟು, ಅದರ ಪಕ್ಕ ನಿಂತಿದ್ದರು. ನೃತ್ಯ, ನಾಟಕ, ಬಹುಮಾನ ಎಲ್ಲ ಆದ ಮೇಲೆ ಅವಳ ಸರದಿ ಬಂತು. ಮೈಕು ಎತ್ತರವಾಗಿತ್ತು, ಹೆಡ್‌ಮಾಸ್ಟರು ಇಳಿಸಿಕೊಟ್ಟರು. ನನಗೆ ಹೆದರಿಕೆಯಿತ್ತು. ಅವಳು ಎಲ್ಲಿ ‘ದೇ’ ಅಂದುಬಿಡುತ್ತಾಳೋ ಅಂತಲ್ಲ, ‘ಹೀ’ ಅಂದ ಮೇಲೆ ಅವಳಿಗೆ ನೋವಾಗುತ್ತದೋ ಅಂತ.

‘ಮೈ ಫಾದರ್ ಈಸ್ ಎ ವಾಟರ್‌ಮ್ಯಾನ್’ ಅಂತ ಶುರು ಮಾಡಿದಳು. ‘ಹೀ ಗೆಟ್ಸ್ ಅಪ್ ಅರ್ಲಿ. ಹೀ ನೋಸ್ ಎವ್ರಿ ಪೈಪ್ ಇನ್ ದ ವಿಲೇಜ್.’ ಒಂದೊಂದು ‘ಹೀ’ಯಲ್ಲೂ ಉಸಿರು ಮೈಕಿಗೆ ತಾಗಿ ಶಾಮಿಯಾನದ ತುಂಬಾ ಕೇಳಿಸುತ್ತಿತ್ತು. ಕ್ರಿಯಾಪದದ ಕೊನೆಯ ‘ಸ್’ ಕೂಡ ಒಂದೂ ಬಿಡಲಿಲ್ಲ. ನಾನು ಬರೆಸಿದ್ದು ಮುಗಿಯಿತು. ಅವಳು ಮೈಕು ಬಿಡಲಿಲ್ಲ. ಕೈಚಾಚಿ ಅಧ್ಯಕ್ಷರನ್ನು ತೋರಿಸಿದಳು.

‘ಪ್ರೆಸಿಡೆಂಟ್ ಸರ್ ಈಸ್ ಹಿಯರ್. ಹೀ ಡ್ರಿಂಕ್ಸ್ ವಾಟರ್.’ ಆಮೇಲೆ ಅದೇ ಕೈಯನ್ನು ಜನರ ತಲೆಯ ಮೇಲಿಂದ ಹಿಂದುಗಡೆಯ ಡ್ರಮ್ಮಿನ ಕಡೆ ಚಾಚಿದಳು. ‘ಮೈ ಫಾದರ್ ಈಸ್ ದೇರ್. ಹೀ ಗಿವ್ಸ್ ವಾಟರ್.’

ಅದೇ ‘ಹೀ’. ಅಷ್ಟೇ ಉದ್ದ, ಅಷ್ಟೇ ಉಸಿರು. ಜನವೆಲ್ಲ ಕತ್ತು ತಿರುಗಿಸಿ ಹಿಂದೆ ನೋಡಿತು. ಊರಿನವರು ಅವರನ್ನು ಹಾಗೆ ಒಟ್ಟಿಗೆ ತಿರುಗಿ ನೋಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅವಳಪ್ಪ ಗಾಬರಿಯಾಗಿ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

‘ವೀ ಆಲ್ ಡ್ರಿಂಕ್ ದ ಸೇಮ್ ವಾಟರ್’ ಅಂದಳು. ಹಾಗೆ ಅನ್ನುತ್ತಾ ಎರಡೂ ಕೈಯನ್ನು ಅಗಲಿಸಿ ವೇದಿಕೆ, ಶಾಮಿಯಾನ, ಹಿಂದಿನ ಡ್ರಮ್ಮು ಎಲ್ಲವನ್ನೂ ಸೇರಿಸಿ ಒಂದು ಸುತ್ತು ತಂದಳು. ಅದು ಯಾವ ‘ವೀ’ ಅಂತ ಯಾರೂ ಅವಳ ಮುಖ ನೋಡಿ ತಿಳಿದುಕೊಳ್ಳಬೇಕಾಗಿರಲಿಲ್ಲ. ಪಕ್ಕದ ಶಾಲೆಯ ಇಂಗ್ಲಿಷ್ ಮೇಷ್ಟ್ರು ನನ್ನ ಕಡೆ ಬಗ್ಗಿ, ‘ಗ್ರಾಮರ್ ಚೆನ್ನಾಗಿ ಹೇಳ್ಕೊಟ್ಟಿದೀರ’ ಅಂದರು. ನಾನು ತಲೆ ಅಲ್ಲಾಡಿಸಿದೆ.

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅಧ್ಯಕ್ಷರೇ. ಇಳಿದು ಹೋಗುವಾಗ ಡ್ರಮ್ಮಿನ ಹತ್ತಿರ ನಿಂತು, ‘ಲೇ, ನಿನ್ ಮಗ್ಳು ಇಂಗ್ಲಿಷ್ ಏನ್ ಮಾತಾಡ್ತಾಳ್ಲಾ! ನನ್ನ ವಿಚಾರನೂ ಹೇಳುದ್ಲು ಕಣ್ಲಾ’ ಅಂತ ಖುಷಿಯಾಗಿಯೇ ಅಂದು ಹೋದರು. ಒಂದು ಭಾಷಣಕ್ಕೆ ಊರಿನ ನಾಲಿಗೆ ಬದಲಾಗುತ್ತದೆ ಅಂತ ನಾನೇನೂ ಅಂದುಕೊಂಡಿರಲಿಲ್ಲ.

ಜನ ಕರಗಿದ ಮೇಲೆ ಅವಳಪ್ಪ ನನ್ನ ಹತ್ತಿರ ಬಂದರು. ಸ್ವಲ್ಪ ದೂರದಲ್ಲೇ ನಿಂತರು. ಮಗಳು ಗೆಳತಿಯರ ಜೊತೆ ಕುರ್ಚಿಗಳನ್ನು ಎತ್ತಿಡುತ್ತಿದ್ದಳು.

‘ಮೇಡಂ, ಒಂದ್ ಮಾತು’ ಅಂದರು. ‘ನಂಗೆ ಓದು ಬರಾಕಿಲ್ಲ. ಮಗಳು ಮಾತಾಡಾವಾಗ ಬರೀ ಈ, ಈ ಅಂತಿದ್ಲು. ಅಧ್ಯಕ್ಷರ್ನ ತೋರಿಸಿ ಈ ಅಂದ್ಲು, ನನ್ನ ತೋರಿಸಿನೂ ಈ ಅಂದ್ಲು. ಮನೇಲೂ ಕೈ ಬಾಯಿಗಿಟ್ಕಂಡು ಅದನ್ನೇ ಅಂತಿತ್ತು. ಈ ಅಂದ್ರೆ ಏನು ಮೇಡಂ?’

ನಾನು ಅಷ್ಟು ವರ್ಷ ಸಾವಿರ ಪುಸ್ತಕಗಳಲ್ಲಿ ತಪ್ಪು ಅಂತ ಗೀಟು ಹಾಕಿದ್ದ ಉತ್ತರವೇ ಬಾಯಿಗೆ ಬಂತು. ಆ ಹೊತ್ತಿನಲ್ಲಿ ಅದಕ್ಕಿಂತ ಸರಿಯಾದ ಉತ್ತರ ನನ್ನ ಹತ್ತಿರ ಇರಲಿಲ್ಲ.

‘ಅವರು ಅಂತ’ ಅಂದೆ.

ಅವರು ಅರ್ಥವಾಗದೆ ಒಂದು ಸಲ ಹಿಂದೆ ತಿರುಗಿ ನೋಡಿದರು. ಅಲ್ಲಿ ಖಾಲಿ ಡ್ರಮ್ಮು ಬಿಟ್ಟು ಯಾರೂ ಇರಲಿಲ್ಲ.

‘ಯಾರು ಮೇಡಂ?’ ಅಂದರು.

‘ನೀವು’ ಅಂದೆ.